ನಡುವಿನ ಹಾಳೆ

ಮಡಗಾಂವ
೬ ನವೆಂಬರ್ ೨೦೨೨

ಪ್ರಿಯ ಜಾಕೀರ,

ಅಕ್ಷರದ ಗುರುತು ಹತ್ತದೆ ಮೊದಲು ಕೆಳಗಿನ ಸಹಿ ನೋಡಿರುತ್ತೀ. ಹೌದು, ನಾನೇ, ಜಯತೀರ್ಥ ಮಾಸ್ತರ ಮಗ ಸುಶೀಂದ್ರ. ನಿನ್ನ ಮದುವೆಗೆ ಬರಲಿಲ್ಲ, ನಿನಗೆ ಮಕ್ಕಳೆಷ್ಟು ಎಂದು ಗೊತ್ತಿಲ್ಲ, ಹದಿನಾಲ್ಕು ವರ್ಷದಲ್ಲಿ ಒಂದು ಫೋನು ಮಾಡಲಿಲ್ಲ. ಬೈಯುವುದಿದ್ದರೆ ಬೈದು ಮುಗಿಸಿ ಮುಂದೆ ಓದು.

ಇಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಎಲೆಕ್ಟ್ರಿಕ್ ಗಿಟಾರ್ ಮಾರುತ್ತೇನೆ. ನಿಮ್ಮಪ್ಪ ಹಜರತಅಲಿ ಚಾಚಾ ಶುಕ್ರವಾರದ ನಮಾಜು ಮುಗಿಸಿ ಬಂದು, ಒಂದು ಪೈಸೆ ಕೇಳದೆ, ನನ್ನ ಬೆರಳು ಹಿಡಿದು ತಂತಿಯ ಮೇಲೆ ಇಡುತ್ತಿದ್ದರಲ್ಲ, ಆ ಬೆರಳುಗಳೇ ಇವತ್ತು ನನಗೆ ಅನ್ನ ಹಾಕುತ್ತಿವೆ.

ಈಗ ಕೆಲಸದ ಮಾತು. ನನ್ನ ಗಿರಾಕಿಗಳಿಗೆ ಹೊಳೆಯುವ ಹೊಸ ಗಿಟಾರ್ ಬೇಡ. ಐವತ್ತು ವರ್ಷ ಯಾರೋ ಬಾರಿಸಿ ಬಣ್ಣ ಹೋದದ್ದು, ವಾರ್ನಿಶ್ ಸೀಳಿದ್ದು, ಕಬ್ಬಿಣಕ್ಕೆ ತುಕ್ಕು ಹಿಡಿದದ್ದು ಬೇಕು. ಅಷ್ಟು ಹಳೆಯವು ಎಲ್ಲಿಂದ ಬರಬೇಕು? ಅದಕ್ಕೇ ಹೊಸದನ್ನು ಹಳೆಯದು ಮಾಡುವ ಕಸಬು ಎಲ್ಲ ದೇಶಗಳಲ್ಲೂ ಬೆಳೆದಿದೆ. ಮೋಸವೇನಲ್ಲ. 'ಹಳೆಯ ಮಾದರಿಯ ಹೊಸ ಗಿಟಾರ್' ಎಂದು ಚೀಟಿ ಅಂಟಿಸಿಯೇ ಮಾರುವುದು. ಹರಿದ ಪ್ಯಾಂಟನ್ನು ದುಡ್ಡು ಕೊಟ್ಟು ತೊಡುವುದಿಲ್ಲವೇ, ಹಾಗೆ.

ನೀನು ಮಂಚ, ಕಪಾಟುಗಳಿಗೆ ಪಾಲಿಶ್ ಮಾಡುತ್ತೀ ಎಂದು ಕೇಳಿದೆ. ನಿನ್ನ ಕೈ ನನಗೆ ಗೊತ್ತು. ಎರಡು ಗಿಟಾರ್ ಶಿಗ್ಗಾಂವಿಗೆ ಪಾರ್ಸೆಲ್ ಹಾಕಿದ್ದೇನೆ, ಬಿಡಿಸಿಕೊಂಡು ಹೋಗಿ ಪ್ರಯತ್ನ ಮಾಡಿ ನೋಡು.

ಒಂದು ಕೋರಿಕೆ. ಫೋನು ಬೇಡ, ಕಾಗದದ ಮೇಲೆ ಬರೆ. ಫೋನಿನಲ್ಲಿ ನಾನು ಬರೀ ವ್ಯಾಪಾರಿ ಆಗಿಬಿಡುತ್ತೇನೆ. ನಿನ್ನ ಅಕ್ಷರವನ್ನು ನಮ್ಮಪ್ಪ ಇಡೀ ಕ್ಲಾಸಿಗೆ ತೋರಿಸುತ್ತಿದ್ದ. ಅದನ್ನು ಮತ್ತೆ ನೋಡುವ ಆಸೆ.

ನಿನ್ನ ಹಳೆಯ ಬೆಂಚಿನ ಗೆಳೆಯ,
ಸುಶೀಂದ್ರ


ಸವಣೂರು
೨೭ ನವೆಂಬರ್ ೨೦೨೨

ಸುಶೀಂದ್ರನಿಗೆ ಜಾಕೀರನ ಸಲಾಂ.

ಬೈದು ಮುಗಿಸಲು ಹದಿನೈದು ದಿನ ಹಿಡಿಯಿತು, ಅದಕ್ಕೇ ಉತ್ತರ ತಡವಾಯಿತು. ನನಗೆ ಇಬ್ಬರು ಹೆಣ್ಣುಮಕ್ಕಳು. ಹೆಂಡತಿಯ ಹೆಸರು ಗುಲ್ನಾಜ. ನಿನ್ನ ಪತ್ರ ಬಂದಾಗ ಅಪ್ಪ ಲಕೋಟೆಯನ್ನು ಮೂಸಿ ನೋಡಿ, ಮೀನಿನ ವಾಸನೆ ಬರುತ್ತಿಲ್ಲವಲ್ಲ, ಖರೇ ಗೋವಾದಿಂದ ಬಂದದ್ದೇ ಎಂದು ಕೇಳಿದ. ನಿನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ನನ್ನ ಪಾಲಿನದನ್ನೂ ಅವನ ಪಾಲಿನದನ್ನೂ ಸೇರಿಸಿ ನಾನೇ ಮಾಡಿಕೊಂಡಿದ್ದೇನೆ.

ಪಾರ್ಸೆಲ್ ಬಿಚ್ಚಿ ಕೆಲಸ ಇಂಥದ್ದು ಎಂದು ಹೇಳಿದಾಗ ಗುಲ್ನಾಜ ನಕ್ಕು ನಕ್ಕು ಸುಸ್ತಾದಳು. "ಹೊಸಾ ಕಪಾಟಿನ ಮ್ಯಾಲೆ ಒಂದು ಗೀರು ಬಿದ್ರ ಗಿರಾಕಿ ರೊಕ್ಕಾ ಮುರಕೋತಾನ. ಇವರು ಗೀರು ಹಾಕ್ಸಾಕ ರೊಕ್ಕಾ ಕೊಡ್ತಾರನು?" ಎಂದಳು. ಕೊಡುತ್ತಾರಂತೆ ಎಂದೆ. ಹಂಗಾದರೆ ನಮ್ಮ ಮನೆಯ ಸಾಮಾನೆಲ್ಲ ಗೋವಾಕ್ಕೆ ಕಳಿಸಿಬಿಡಿ ಎಂದಳು.

ಮೊದಲನೆಯದನ್ನು ಕೆಡಿಸಿದೆ. ಉಜ್ಜುವ ಕಾನಸು, ಮರಳುಕಾಗದ, ಬೀಗದ ಕೈ ಗೊಂಚಲು, ಸಿಕ್ಕಿದ್ದರಿಂದೆಲ್ಲ ತಿಕ್ಕಿದೆ. ಅಪ್ಪ ಬಂದು ಕನ್ನಡಕ ಏರಿಸಿ ನೋಡಿದ. "ಇದು ಹಳೇದಾಗಿಲ್ಲೋ ತಮ್ಮಾ, ಹೊಡತಾ ತಿಂದೈತಿ" ಎಂದ. ಆಮೇಲೆ ಗೋಡೆಯ ಮೇಲಿದ್ದ ತನ್ನ ಗಿಟಾರ್ ಇಳಿಸಿದ. ನಿನಗೆ ನೆನಪಿರಬೇಕು, ೧೯೭೮ರಲ್ಲಿ ಹುಬ್ಬಳ್ಳಿಯಿಂದ ತಂದದ್ದು, ಕೆಂಪು ಬಣ್ಣದ್ದು. ಅದರ ಮೇಲೆ ಕೈ ಎಲ್ಲಿ ಊರುತ್ತದೆ, ಹೆಬ್ಬೆರಳು ಎಲ್ಲಿ ನಿಲ್ಲುತ್ತದೆ, ಬೆನ್ನಿಗೆ ಬೆಲ್ಟಿನ ಕೊಂಡಿ ಎಲ್ಲಿ ತಾಗುತ್ತದೆ, ಎಲ್ಲವನ್ನೂ ನಿಂತು ತೋರಿಸಿದ. ಎರಡನೆಯದನ್ನು ಅದರ ಪಕ್ಕದಲ್ಲೇ ಇಟ್ಟುಕೊಂಡು, ಗೀರಿಗೆ ಗೀರು ನಕಲು ಮಾಡಿದ್ದೇನೆ.

ವಾರ್ನಿಶ್ ಸೀಳುವುದಕ್ಕೆ ಹಾನಗಲ್ಲಿನ ಫಕ್ಕೀರೇಶನ ಐಸ್ ಕಾರ್ಖಾನೆಗೆ ಹೋದೆ. ಮದಗದ ಕೆರೆಯ ಮೀನು ಸಾಗಿಸಲು ಅವನೇ ಐಸ್ ಕೊಡುವುದು. ಎರಡು ತಾಸು ಐಸಿನ ನಡುವೆ ಇಟ್ಟು ಥಟ್ಟನೆ ಬಿಸಿಲಿಗೆ ತಂದರೆ ವಾರ್ನಿಶ್ ಕೂದಲೆಳೆಯಂತೆ ಬಿರಿಯುತ್ತದೆ. ಬಿಳಿ ಗುಂಡಿಗಳು ಹಳದಿಯಾಗಲು ಎರಡು ದಿನ ಕಪ್ಪು ಚಹಾದಲ್ಲಿ ನೆನೆಸಿದೆ. ಸಕ್ಕರೆ ಹಾಕಬಾರದು, ಅದೊಂದೇ ಗುಟ್ಟು. ತುಕ್ಕಿಗೆ ಉಪ್ಪು, ಹುಣಸೆಹುಳಿ ಸಾಕು.

ಚೆನ್ನಾಗಿದ್ದರೆ ಬರೆ, ಇಲ್ಲದಿದ್ದರೂ ಬರೆ.

ಜಾಕೀರ


ಮಡಗಾಂವ
೧೨ ಜನವರಿ ೨೦೨೩

ಪ್ರಿಯ ಜಾಕೀರ,

ಪೆಟ್ಟಿಗೆ ತೆರೆದು ನೋಡಿದೆ. ಇಂಥ ಕೆಲಸವನ್ನು ನಾನು ಎಲ್ಲೂ ನೋಡಿಲ್ಲ. ಪೇಟೆಯಲ್ಲಿ ಬರುವ ನಕಲುಗಳು ನೀನು ಕೆಡಿಸಿದ ಮೊದಲನೆಯದರ ಹಾಗೆಯೇ ಇರುತ್ತವೆ. ಇದರಲ್ಲಿ ಒಬ್ಬ ಮನುಷ್ಯ ಬಾರಿಸಿದ್ದು ಕಾಣುತ್ತದೆ.

ಬಲಗಡೆಯ ಮೇಲಂಚಿನಲ್ಲಿ ಮೋಟು ಗೀರುಗಳ ಒಂದು ಗುಂಪಿದೆಯಲ್ಲ, ಅದೇನು? ನೂರಾರು ಹಳೆಯ ಗಿಟಾರ್ ನೋಡಿದ್ದೇನೆ, ಅಲ್ಲಿ ಅಂಥ ಗುರುತು ಯಾವುದರಲ್ಲೂ ಇಲ್ಲ. ಬಂದವರೆಲ್ಲ ಅದನ್ನೇ ಮುಟ್ಟಿ ಮುಟ್ಟಿ ಕೇಳುತ್ತಾರೆ.

ಚಾಚಾ ಬಗ್ಗೆ ಬರೆ, ಜಾಕೀರ. ಅವರು ಹೇಗೆ ಬಾರಿಸುತ್ತಿದ್ದರು, ಆರ್ಕೆಸ್ಟ್ರಾ ಹೇಗೆ ಬಿಟ್ಟರು, ನನಗೆ ಗೊತ್ತಿಲ್ಲದ್ದು ಏನೇನಿದೆ, ಎಲ್ಲ ಬರೆ. ಅಂಗಡಿಗಲ್ಲ, ನನಗೆ. ಕಲಿಸಿದ ಗುರುವಿನ ಬಗ್ಗೆ ಏನೂ ತಿಳಿದುಕೊಳ್ಳದೆ ಊರು ಬಿಟ್ಟೆ ಎಂಬ ಸಂಕಟ ಇತ್ತೀಚೆಗೆ ಹೆಚ್ಚಾಗಿದೆ.

ನಿನ್ನ,
ಸುಶೀಂದ್ರ


ಸವಣೂರು
೫ ಫೆಬ್ರುವರಿ ೨೦೨೩

ಸುಶೀಂದ್ರ,

ನೀನು ಕೇಳಿದ್ದಕ್ಕೆ ಮೂರು ಹಾಳೆ ಬೇಕಾದವು. ಗುಲ್ನಾಜ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ, ಮನೆ ನಿಶ್ಶಬ್ದವಾಗಿದೆ, ಬರೆಯಲು ಒಳ್ಳೆಯ ಸಮಯ.

ಆ ಗೀರುಗಳು ತಾಯಿತದವು. ಹಿರೇಕೆರೂರಿಗೆ ಹೋಗುವಾಗ ಆರ್ಕೆಸ್ಟ್ರಾದ ಜೀಪಿನಿಂದ ಅಪ್ಪ ಬಿದ್ದಿದ್ದ. ಅಂದಿನಿಂದ ನನ್ನವ್ವ ಮರಿಯಮಬಿ ಅವನ ಬಲತೋಳಿಗೆ ತಾಮ್ರದ ತಾಯಿತ ಕಟ್ಟಿದಳು. ಬಾರಿಸುವಾಗ ದಾರ ಸಡಿಲಾಗಿ ಅದು ಮೊಳಕೈ ಕೆಳಗೆ ಇಳಿದು, ಕೈ ಆಡಿದಂತೆಲ್ಲ ಗಿಟಾರಿನ ಅಂಚನ್ನು ಕೆರೆಯುತ್ತಿತ್ತು. ಹಳೆಯ ಗಿಟಾರುಗಳಿಗೆಲ್ಲ ಹಾಗೇ ಇರುತ್ತದೆ ಎಂದುಕೊಂಡು ನಕಲಿನಲ್ಲೂ ಹಾಕಿದೆ ನೋಡು. ನಾನು ನೋಡಿದ ಹಳೆಯ ಗಿಟಾರ್ ಅದೊಂದೇ ಅಲ್ಲವೇ? ನನ್ನ ಪೆದ್ದುತನಕ್ಕೆ ಅಪ್ಪ ಬಿದ್ದು ಬಿದ್ದು ನಕ್ಕ. ಬೇಡವಾದರೆ ಹೇಳು, ಮುಂದಿನದರಲ್ಲಿ ಬಿಡುತ್ತೇನೆ.

(ಎರಡನೆಯ ಹಾಳೆ)

ಆರ್ಕೆಸ್ಟ್ರಾ ಹೇಗೆ ಬಿಟ್ಟ ಎಂದು ಕೇಳಿದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನಲ್ಲಿ ಇಪ್ಪತ್ತೆರಡು ವರ್ಷ ಹಜರತಅಲಿಯ ಗಿಟಾರ್ ಎಂದರೆ ಒಂದು ಹೆಸರು. ಆಮೇಲೆ ಕೀಬೋರ್ಡ್ ಬಂತು. ಅದರಲ್ಲಿ ಗಿಟಾರಿನ ಸದ್ದೂ ಇತ್ತು, ಕೊಳಲಿನ ಸದ್ದೂ ಇತ್ತು. ೨೦೦೧ರಲ್ಲಿ ಚಿಕ್ಕೇರೂರಿನಲ್ಲಿ ಒಂದು ಮದುವೆ. ಮಧ್ಯಾಹ್ನದ ಕಾರ್ಯಕ್ರಮ. ನನಗೆ ಹದಿನಾರು ವರ್ಷ, ಸ್ಪೀಕರ್ ಪೆಟ್ಟಿಗೆ ಹೊರಲು ಹೋಗಿದ್ದೆ. ಯಾವುದೋ ತಂತಿ ತರಲು ವೇದಿಕೆಯ ಹಿಂದೆ ಹೋದರೆ, ಅಪ್ಪನ ಗಿಟಾರಿನಿಂದ ಬಂದ ವೈರಿನ ತುದಿ ಸುರುಳಿ ಸುತ್ತಿ ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆಗೆ ಚುಚ್ಚಿರಲೇ ಇಲ್ಲ. ಮೇಲೆ ಅಪ್ಪ ಬಾರಿಸುತ್ತಿದ್ದ. ಸದ್ದು ಕೀಬೋರ್ಡಿನವನದು.

ಚುಚ್ಚಲು ಮರೆತಿದ್ದಾರೆ ಎಂದುಕೊಂಡು ಕೈ ಹಾಕಿದೆ. ಆರ್ಕೆಸ್ಟ್ರಾದ ಮಾಲೀಕ ನನ್ನ ಕೈ ಹಿಡಿದ. "ಇರ್ಲಿ ಬಿಡು. ಮಂದಿಗೆ ಗಿಟಾರ್ ಕಾಣಬೇಕು, ಕೇಳಬೇಕಂತ ಇಲ್ಲ. ನಿಮ್ಮಪ್ಪ ಒಪ್ಪ್ಯಾನ" ಎಂದ.

ಎರಡು ವರ್ಷ ಹಾಗೇ ನಿಂತ, ಸುಶೀಂದ್ರ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸದ್ದಿಲ್ಲದ ಗಿಟಾರನ್ನು ಒಂದು ಸ್ವರವೂ ತಪ್ಪದಂತೆ ಬಾರಿಸಿದ. ಕಿವಿಗೆ ಏನೂ ಬರುವುದಿಲ್ಲವೆಂದು ಬೆರಳಿನಿಂದಲೇ ಕೇಳುವವನಂತೆ ಗಟ್ಟಿಯಾಗಿ ಒತ್ತುತ್ತಿದ್ದ. ಅದರ ಕುತ್ತಿಗೆಯ ಮೇಲೆ ಎಲ್ಲಕ್ಕಿಂತ ಆಳವಾಗಿ ಸವೆದಿರುವ ಕುಳಿಗಳು ಆ ಎರಡು ವರ್ಷದವು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾನೂ ಪ್ರತಿ ಕಾರ್ಯಕ್ರಮಕ್ಕೆ ಹೋದೆ, ಏನೂ ಗೊತ್ತಿಲ್ಲದವನಂತೆ ನಟಿಸಿದೆ. ನನಗೆ ಗೊತ್ತಿತ್ತು ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

(ಮೂರನೆಯ ಹಾಳೆ)

ಬರೆದ ಮೇಲೆ ಎದೆಯ ಭಾರ ಇಳಿಯಿತು. ಈ ಮಾತು ನಿನ್ನಲ್ಲೇ ಇರಲಿ. ಅಪ್ಪ ಈಗ ಅಂಗಳದಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ, ಯಾರಿಗೆ ಇಷ್ಟುದ್ದ ಬರೆಯುತ್ತೀ ಎಂದು ಎರಡು ಸಲ ಕೇಳಿದ. ಸುಶೀಂದ್ರನಿಗೆ ಎಂದೆ. ಅವನ ಎಡಗೈ ಕಿರುಬೆರಳು ಈಗಲಾದರೂ ಏಳುತ್ತದೋ ಕೇಳು ಎಂದ.

ನಿನ್ನ,
ಜಾಕೀರ


ಮಡಗಾಂವ
೩ ಮೇ ೨೦೨೩

ಪ್ರಿಯ ಜಾಕೀರ,

ಪತ್ರ ಫೆಬ್ರುವರಿಯಲ್ಲೇ ತಲುಪಿತು, ಎರಡು ಸಲ ಓದಿದೆ. ಅಂಗಡಿಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು.

ಆರು ಗಿಟಾರ್ ಕಳಿಸಿದ್ದೇನೆ. ಎಲ್ಲವೂ ಕೆಂಪು ಬಣ್ಣದವೇ. ತಾಯಿತದ ಗೀರು ಎಲ್ಲದರಲ್ಲೂ ಇರಲಿ, ಮರೆಯಬೇಡ. ಕುತ್ತಿಗೆಯ ಕುಳಿಗಳನ್ನು ಇನ್ನೂ ಸ್ವಲ್ಪ ಆಳ ಮಾಡು. ದೀಪಾವಳಿಯ ಒಳಗೆ ಬಂದರೆ ಒಳ್ಳೆಯದು.

ಸುಶೀಂದ್ರ


ಸವಣೂರು
೨೦ ಆಗಸ್ಟ್ ೨೦೨೩

ಸುಶೀಂದ್ರನಿಗೆ,

ನಾಲ್ಕು ಮುಗಿದಿವೆ, ಎರಡು ಫಕ್ಕೀರೇಶನ ಐಸಿನಲ್ಲಿವೆ. ಅಲ್ಲಿನ ಆಳುಗಳು ಮೀನಿನ ಪಕ್ಕ ಗಿಟಾರ್ ನೋಡಿ, ಇದನ್ನೇನು ಸಾರು ಮಾಡುತ್ತಾರೋ ಎಂದು ಕೇಳುತ್ತಾರೆ.

ಅಪ್ಪ ಈಗ ದಿನಾ ನನ್ನ ಪಾಲಿಶ್ ಕಾರ್ಖಾನೆಗೆ ಬರುತ್ತಾನೆ. ಮೊದಲು ಬೆಳಿಗ್ಗೆ ಎದ್ದು ಎಲೆತೋಟದ ಕಡೆ ಹೋಗಿ ಹಾಳು ಹರಟೆ ಹೊಡೆದು ಬರುತ್ತಿದ್ದ, ಅದು ನಿಂತಿದೆ. ಒಂದೊಂದೂ ಮುಗಿದಾಗ ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಬಾರಿಸುತ್ತಾನೆ. "ಹೊಸಾದಕ್ಕ ಒಮ್ಮಿ ಖರೇ ಕೈ ತಾಗಬೇಕಲೇ, ಇಲ್ಲಾಂದ್ರ ಬರೇ ಗೀರ ಆಗ್ತಾವ" ಎನ್ನುತ್ತಾನೆ. ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಹೆಣ್ಣು ಕಳಿಸುವವನ ಹಾಗೆ ಬಾಗಿಲಲ್ಲಿ ನಿಲ್ಲುತ್ತಾನೆ. ಅವನನ್ನು ಇಷ್ಟು ಖುಷಿಯಲ್ಲಿ ನೋಡಿ ಇಪ್ಪತ್ತು ವರ್ಷವಾಗಿತ್ತು. ಅದು ನಿನ್ನಿಂದ ಆದದ್ದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಒಂದು ಮಾತು ಕೇಳಲೇ? ಅಷ್ಟು ಬರೆದೆ, ನೀನು ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಏನು ಹೇಳಬೇಕೆಂದು ತಿಳಿಯದೆ ಬಿಟ್ಟಿರಬೇಕು ಎಂದುಕೊಂಡು ಸುಮ್ಮನಿದ್ದೇನೆ. ಒಮ್ಮೆ ಊರಿಗೆ ಬಾ. ಸುಶ್ಯಾ ಯಾವಾಗ ಬರ್ತಾನ ಎಂದು ಅಪ್ಪ ವಾರಕ್ಕೊಮ್ಮೆ ಕೇಳುತ್ತಾನೆ.

ನಿನ್ನ,
ಜಾಕೀರ


ಸವಣೂರು
೮ ಫೆಬ್ರುವರಿ ೨೦೨೪

ಸುಶೀಂದ್ರ,

ಈ ಪತ್ರದ ಪ್ರತಿ ಎರಡು ಸಾಲಿನ ನಡುವೆ ಕೆಂಪು ಶಾಯಿಯಲ್ಲಿ ಇವತ್ತಿನ ತಾರೀಖು ಬರೆದಿದ್ದೇನೆ. ಕತ್ತರಿಸಿ ಮಾರಲು ಬರಬಾರದೆಂದು.

ಹೋದ ಭಾನುವಾರ ನಾನು ಮಾಸೂರಿಗೆ ಬಾಗಿಲು ಕೂಡಿಸಲು ಹೋಗಿದ್ದೆ. ಮನೆಗೆ ಒಬ್ಬ ಹೆಣ್ಣುಮಗಳು ಬಂದಳು. ಸುಮೇಧಾ ಅಂತ, ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರು. ಕೈಯಲ್ಲಿ ಕೆಂಪು ಗಿಟಾರ್. ಸವಣೂರಿನ ದಿವಂಗತ ಹಜರತಅಲಿ ಎಂಬ ಕಲಾವಿದರು ೧೯೭೮ರಿಂದ ಬಾರಿಸಿದ ಅಸಲು ಗಿಟಾರ್ ಇದು, ಮಡಗಾಂವಿನಲ್ಲಿ ಕೊಂಡೆ, ಅವರ ಮನೆಯವರಿಗೆ ಒಮ್ಮೆ ತೋರಿಸಿ ಕೈಮುಗಿದು ಹೋಗಬೇಕು ಎಂದು ಬಂದಿದ್ದಳು. ನಿನ್ನ ಅಂಗಡಿಯ ಮುದ್ರೆ ಒತ್ತಿದ ಪ್ರಮಾಣಪತ್ರವೂ ಇತ್ತು. 'ಹಳೆಯ ಮಾದರಿಯ ಹೊಸ ಗಿಟಾರ್' ಎಂಬ ಚೀಟಿ ಎಲ್ಲಿ ಹೋಯಿತೋ.

ಅಂಗಳದಲ್ಲಿ ಅಪ್ಪ ಕುಳಿತಿದ್ದ. ಮನೆಯ ಯಾರೋ ಹಿರಿಯರು ಎಂದುಕೊಂಡು ಅವಳು ಅವನ ಮುಂದೆಯೇ ಎಲ್ಲ ಹೇಳಿದಳು. ಒಳಗಿದ್ದ ಗುಲ್ನಾಜ ಗಾಬರಿಯಾಗಿ ಹೊರಗೆ ಬಂದಳು. ಅಪ್ಪ ಅವಳಿಗೆ ಸುಮ್ಮನಿರು ಎಂದು ಕೈ ಮಾಡಿದ. ಅಂವ ಯಾವಾಗ ತೀರಿಕೊಂಡ ಎಂದು ಕೇಳಿದ. ೨೦೦೯ರಲ್ಲಿ ಎಂದಳು ಆ ತಾಯಿ. "ಚಲೋ ಆತು ಬಿಡ್ರಿ, ಬಾಳ ದಿನ ನರಳಲಿಲ್ಲ" ಎಂದ. ಗುಲ್ನಾಜ ಇದನ್ನು ಹೇಳುವಾಗ ನನಗೆ ನಗು ಬಂತು. ಅಲ್ಲಿಯವರೆಗೂ ನಗುವ ಮಾತೇ ಆಗಿತ್ತು.

ಆಮೇಲೆ ಅವಳು, ಇದರ ಜೊತೆ ಅವರ ಮಗ ಬರೆದ ಪತ್ರವೂ ಇದೆ, ಓದಿ ರಾತ್ರಿಯೆಲ್ಲ ಅತ್ತೆ ಎಂದಳು. ಅಪ್ಪನಿಗೆ ಕಣ್ಣು ಮಂದ. "ಓದ್ರಿ ಬಾಯಾರ, ಅಂವ ಹೆಂಗ ಬಾಳಿದಾ ಕೇಳೂಣು" ಎಂದ. ಅವಳು ಓದಿದಳು. ಚಿಕ್ಕೇರೂರಿನ ಮದುವೆ, ನೆಲದ ಮೇಲಿನ ವೈರು, ಎರಡು ವರ್ಷ, ನಾನು ನಟಿಸಿದ್ದು, ಎಲ್ಲ. ನಡುವಿನ ಹಾಳೆ. ಬೇರೆ ಎರಡರಲ್ಲಿ ಅಪ್ಪ ನಗುತ್ತಾನೆ, ಎಲೆಗೆ ಸುಣ್ಣ ಹಚ್ಚುತ್ತಾನೆ, ನಿನ್ನ ಕಿರುಬೆರಳಿನ ಸುದ್ದಿ ಕೇಳುತ್ತಾನೆ. ಅವು ನಿನಗೆ ಉಪಯೋಗಕ್ಕೆ ಬರಲಿಲ್ಲ.

ಓದಿ ಮುಗಿದ ಮೇಲೆ ಅಪ್ಪ ಆ ಗಿಟಾರನ್ನು ಕೈಗೆ ತೆಗೆದುಕೊಂಡು ಅಂಚನ್ನು ಸವರಿದನಂತೆ. "ಇದು ಹಜರತಅಲಿ ಕೈ ಅಲ್ರಿ, ಅವನ ಮಗನ ಕೈ. ಹಜರತಅಲಿ ಅಂದ್ರ ನಾನ" ಎಂದನಂತೆ. ಆ ಹೆಣ್ಣುಮಗಳು ಮುಖ ಮುಚ್ಚಿಕೊಂಡು ಅತ್ತಳು. ಅವಳದೇನು ತಪ್ಪು? ಹೋಗುವಾಗ ಹಾಳೆಯನ್ನು ಗುಲ್ನಾಜಳ ಕೈಗೆ ಕೊಟ್ಟು ಹೋಗಿದ್ದಾಳೆ.

ಅದು ಈಗ ನನ್ನ ಮುಂದಿದೆ. ಚಹಾದಲ್ಲಿ ಅದ್ದಿದ್ದೀ, ಅಂಚು ಸುಟ್ಟಿದ್ದೀ. ಸಕ್ಕರೆ ಹಾಕಿದ ಚಹಾ, ಅದಕ್ಕೇ ಇರುವೆ ಹತ್ತಿ ಎರಡು ಅಕ್ಷರ ತಿಂದಿವೆ. ಕಸಬು ಕಲಿಯದವನ ಕೆಲಸ.

ಉಂಡ ಮನೆಯ ಗಳ ಎಣಿಸುವವರ ಬಗ್ಗೆ ಕೇಳಿದ್ದೆ. ನೀನು ಗಳ ಕಿತ್ತುಕೊಂಡೇ ಹೋದೆ. ಕಾಗದದ ಮೇಲೆ ಬರೆ ಎಂದಾಗ, ಅಂಗಡಿಗಲ್ಲ ನನಗೆ ಎಂದಾಗ, ನಾನು ಕರಗಿಹೋದೆನಲ್ಲ, ಅದನ್ನು ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಎನಿಸುತ್ತದೆ. ಮೊದಲನೆಯ ಪತ್ರ ಬರೆಯುವಾಗಲೇ ನಿನ್ನ ಮನಸ್ಸಿನಲ್ಲಿ ಇದಿತ್ತೇ? ಇದೊಂದಕ್ಕೆ ಖರೇ ಉತ್ತರ ಕೊಡು.

ನಾಲ್ಕು ದಿನವಾಯಿತು, ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಏನು ಬೇಕಾದರೂ ಅವ್ವನ ಕೈಯಲ್ಲಿ ಹೇಳಿಕಳಿಸುತ್ತಾನೆ.

ಜಾಕೀರ


ಮಡಗಾಂವ
೨೦ ಫೆಬ್ರುವರಿ ೨೦೨೪

ಜಾಕೀರ,

ನಿನ್ನ ಸಿಟ್ಟು ನ್ಯಾಯವಾದದ್ದು. ಆದರೂ ನನ್ನ ಮಾತು ಕೇಳು.

ಮೊದಲನೆಯ ಪತ್ರದಲ್ಲಿ ಇದಿರಲಿಲ್ಲ. ನಿನ್ನ ಅಕ್ಷರ ನೋಡುವ ಆಸೆ ನಿಜವಾಗಿತ್ತು. ನಾನು ಬರೆದ ಎರಡನೆಯದರಲ್ಲಿ ಇತ್ತು. ತಾಯಿತದ ಗೀರನ್ನು ಜನ ಮುಟ್ಟುವುದನ್ನು ನೋಡಿದ ಮೇಲೆ ಹುಟ್ಟಿದ್ದು. ಗೀರನ್ನು ಯಾರು ಬೇಕಾದರೂ ಹಾಕಿಯಾರು, ಅದರ ಹಿಂದೆ ಒಬ್ಬ ಮನುಷ್ಯ ಇದ್ದರೆ ಮಾತ್ರ ಜನ ಗಿಟಾರನ್ನು ಎರಡೂ ಕೈಯಿಂದ ಹಿಡಿಯುತ್ತಾರೆ. ನಿನ್ನ ಪತ್ರ ಬಂದ ದಿನ ಅದನ್ನು ಓದಿ ನಾನೂ ಅತ್ತೆ. ಅತ್ತ ಮೇಲೆ ಇದು ಮಾರಾಟವಾಗುತ್ತದೆ ಎಂದು ಹೊಳೆಯಿತು. ಎರಡೂ ಒಂದೇ ದಿನ ಆದವು, ಸುಳ್ಳು ಹೇಳಲಾರೆ.

ಚಾಚಾ ಬಗ್ಗೆ ನಾನು ಒಂದು ಅಕ್ಷರವನ್ನೂ ಹುಟ್ಟಿಸಿ ಬರೆಯಲಿಲ್ಲ. ಬರೆದದ್ದೆಲ್ಲ ನಿನ್ನದು. ಅವರು ಇದ್ದಾರೆ ಎನ್ನುವುದನ್ನು ಮಾತ್ರ ಬಿಟ್ಟೆ, ಇರುವವರ ಗಿಟಾರನ್ನು ಯಾರೂ ಪೂಜೆ ಮಾಡುವುದಿಲ್ಲ. ಹಾಳೆ ಹೋದದ್ದು ಒಂದರ ಜೊತೆ, ಉಳಿದ ಐದಕ್ಕೆ ಝೆರಾಕ್ಸ್. ನಾಲ್ಕು ತಾಲ್ಲೂಕು ದಾಟದ ಹೆಸರು ಇವತ್ತು ಆರು ಊರಿನ ಮನೆಗಳಲ್ಲಿದೆ. ಇದನ್ನು ನೀನು ಒಪ್ಪುವುದಿಲ್ಲ, ಗೊತ್ತು.

ಇನ್ನೊಂದು ಮಾತು. ಮುಚ್ಚಿಟ್ಟ ಗುಟ್ಟನ್ನು ನಾನು ಬಯಲು ಮಾಡಿದೆ ಎಂದು ಕೊರಗಬೇಡ. ಅದು ಗುಟ್ಟೇ ಆಗಿರಲಿಲ್ಲ. ಚಾಚಾನ ವೈರು ಬಿಚ್ಚಿದ್ದು ಆರ್ಕೆಸ್ಟ್ರಾದವರಿಗೆಲ್ಲ ಗೊತ್ತಿತ್ತು, ಹಿರೇಕೆರೂರಿನ ಸಂತೆಯಲ್ಲಿ ಅದರದೇ ಮಾತಿತ್ತು, ಆಗ ನನಗೂ ಗೊತ್ತಿತ್ತು. ನೀನು ನೊಂದುಕೊಳ್ಳಬಾರದೆಂದು ನಾವ್ಯಾರೂ ನಿನ್ನ ಮುಂದೆ ಆಡಲಿಲ್ಲ. ಇದನ್ನು ಚಾಚಾಗೆ ಹೇಳು, ಅವರ ಮನಸ್ಸು ಹಗುರವಾಗಬಹುದು.

ಬಂದು ಕಾಲು ಹಿಡಿಯುತ್ತೇನೆ. ಬರಲೇ?

ಸುಶೀಂದ್ರ


ಸವಣೂರು
೫ ಮಾರ್ಚ್ ೨೦೨೪

ಸುಶೀಂದ್ರ,

ಬರಬೇಡ. ಇದು ನನ್ನ ಕೊನೆಯ ಪತ್ರ, ಇದಕ್ಕೆ ಉತ್ತರವೂ ಬೇಡ. ನೀನು ಏನನ್ನು ಮಾರಿದೆ ಎಂದು ನಿನಗಿನ್ನೂ ತಿಳಿದಿಲ್ಲ, ಅದನ್ನು ತಿಳಿಸಲು ಮಾತ್ರ ಬರೆಯುತ್ತಿದ್ದೇನೆ.

ನಿನ್ನ ಬುದ್ಧಿವಾದ ಕೇಳಿದೆ. ತಿಂಗಳಿಂದ ಅಪ್ಪ ಕಾರ್ಖಾನೆಗೆ ಬಂದಿರಲಿಲ್ಲ. ನಾನು ಅಂಗಳಕ್ಕೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ನಾನು ಊಟಕ್ಕೆ ಕುಳಿತರೆ ಹಸಿವಿಲ್ಲ ಎನ್ನುತ್ತಿದ್ದ. ಅಜ್ಜ ಯಾಕೆ ನಿಮ್ಮ ಜೊತೆ ಮಾತಾಡುವುದಿಲ್ಲ ಎಂದು ಸಣ್ಣ ಮಗಳು ಕೇಳಿದಾಗ ಗಂಟಲು ನೋಯುತ್ತಿದೆಯಂತೆ ಎಂದು ಸುಳ್ಳು ಹೇಳಿದೆ. ಈ ಮನೆಯಲ್ಲಿ ಅವನ ಮಾತಿಲ್ಲದೆ ಒಂದು ದಿನ ಕಳೆದದ್ದು ನನಗೆ ನೆನಪಿರಲಿಲ್ಲ. ಮೊನ್ನೆ ಭಾನುವಾರ ಮಧ್ಯಾಹ್ನ ಬಾಗಿಲಿಗೆ ಅಡ್ಡ ನಿಂತೆ. ಅಪ್ಪಾ, ಎಲ್ಲರಿಗೂ ಗೊತ್ತಿತ್ತಂತೆ, ಹೊಸದಾಗಿ ಯಾರಿಗೂ ತಿಳಿದದ್ದಲ್ಲ, ಇನ್ನು ಸಿಟ್ಟು ಬಿಡು ಎಂದೆ. ಸಮಾಧಾನ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ.

ಅವನು ಕುಳಿತ. ಎಲೆ ತೆಗೆದು ನಾರು ಬಿಡಿಸಿದ.

"ಎಲ್ಲಾರಿಗೂ ಗೊತ್ತಿತ್ತು ಅಂತ ನನಗೂ ಗೊತ್ತೈತಿ. ಊಟಕ್ಕ ಕುಂತಾಗ ನಗತಿದ್ರು. ನಿಮ್ಮವ್ವಗೂ ಗೊತ್ತಿತ್ತು" ಎಂದ.

ಹಾಗಾದರೆ ಎರಡು ವರ್ಷ ಯಾಕೆ ನಿಂತೆ ಎಂದು ಕೇಳಿದೆ.

"ನೀ ಮುಂದ ಕುಂತು ಚಪ್ಪಾಳಿ ಹೊಡೀತಿದ್ದಿ. ಹಾಡು ಮುಗಿಯೂದ ತಡ, ಎಲ್ಲಾರಕಿಂತ ಮೊದಲ ನಿನ್ನ ಚಪ್ಪಾಳಿ ಬರತಿತ್ತು. ನಮ್ಮ ಜಾಕ್ಯಾಗ ಒಬ್ಬಗ ಗೊತ್ತಿಲ್ಲ ಅಂತ ತಿಳಕೊಂಡಿದ್ದೆ. ಅವಗರ ಬಾರಸ್ತೇನಿ ಅಂತ ನಿಂತೆ." ಎಲೆ ಕೆಳಗಿಟ್ಟ. "ಗೊತ್ತಿದ್ದೂ ಹೊಡದಿ. ಪಾಪ ಅಂತ ಹೊಡದಿ."

ಇಪ್ಪತ್ತಮೂರು ವರ್ಷ ನನ್ನಪ್ಪ ಆ ಒಂದನ್ನು ಇಟ್ಟುಕೊಂಡು ಬದುಕಿದ್ದ. ಊರೆಲ್ಲ ನಕ್ಕರೂ ಅವನಿಗೆ ಅದು ಸಾಕಾಗಿತ್ತು. ಅದನ್ನು ನೀನು ಒಬ್ಬ ಅಪರಿಚಿತ ಹೆಣ್ಣುಮಗಳ ಬಾಯಿಂದ, ಅವನದೇ ಅಂಗಳದಲ್ಲಿ ಕಿತ್ತುಕೊಂಡೆ. ಆ ಹಾಳೆ ಬರೆದುಕೊಟ್ಟವನು ನಾನು. ಅದನ್ನು ನಾನು ಮರೆಯುವುದಿಲ್ಲ.

ಸುಶೀಂದ್ರ, ನಾನು ಪಾಪ ಎಂದು ಹೊಡೆಯಲಿಲ್ಲ. ವೇದಿಕೆಯ ಹತ್ತಿರ ಕುಳಿತರೆ ಅವನ ಬೆರಳು ಕಾಣುತ್ತಿದ್ದವು. ಕೀಬೋರ್ಡಿನವನು ಎರಡು ಕಡೆ ತಪ್ಪುತ್ತಿದ್ದ, ಅಪ್ಪ ಎಲ್ಲೂ ತಪ್ಪುತ್ತಿರಲಿಲ್ಲ. ನಾನು ನನ್ನ ಕಣ್ಣಿನಿಂದ ಅವನ ಗಿಟಾರನ್ನೇ ಕೇಳುತ್ತಿದ್ದೆ. ಕೈ ಕೆಂಪಾಗುವಂತೆ ಹೊಡೆದದ್ದು ಅದಕ್ಕೆ.

ಇದನ್ನು ಅವನಿಗೂ ಹೇಳಿದೆ, ಅವನ ಎರಡೂ ಮೊಣಕಾಲು ಹಿಡಿದುಕೊಂಡು ಹೇಳಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಹೂಂ ತಮ್ಮಾ, ಹೌದು ಎಂದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡು ನಮಾಜಿಗೆ ಹೋದ. ಈಗ ನನ್ನ ಜೊತೆ ಮಾತಾಡುತ್ತಾನೆ, ಊಟಕ್ಕೂ ಕೂರುತ್ತಾನೆ. ನಾನು ಹೇಳಿದ್ದನ್ನು ಮಾತ್ರ ನಂಬಲಿಲ್ಲ.

ಜಾಕೀರ